ಸ್ಪೀಕರ್ ಕುರ್ಚಿಯಲ್ಲಿ ನಮ್ಮಣ್ಣ

ನಮ್ಮಣ್ಣ ಓರೆಸ್ಟ್ ಬೆರೆಝಾ ನಮ್ಮೂರ ಕ್ಷೇತ್ರದಿಂದ ಐದು ಸಲ ಗೆದ್ದರೂ ಮಂತ್ರಿಯಾಗಲಿಲ್ಲ. ಊರಿನ ಮದುವೆ, ಸಾವು, ಐಸ್ ಹಾಕಿ ಪಂದ್ಯ ಯಾವುದನ್ನೂ ತಪ್ಪಿಸದವನು ವಿನ್ನಿಪೆಗ್ಗಿನ ವಿಧಾನಸಭೆಯಲ್ಲಿ ಮಾತ್ರ ಪಕ್ಷ ಏಳೆಂದಾಗ ಎದ್ದು, ಕೂರೆಂದಾಗ ಕೂರುತ್ತಿದ್ದ. ಈ ಸಲ ಅವನ ಸರ್ಕಾರವೇ ನಮ್ಮೂರ ಆಸ್ಪತ್ರೆ ಮುಚ್ಚುವ ಮಸೂದೆ ತರಲು ಹೊರಟಿತು. ನಾನು ಅಲ್ಲಿ ನರ್ಸ್. ಅದು ಹೋದರೆ ಹೆರಿಗೆ ನೋವು ಬಂದವರು ಹಿಮದ ದಾರಿಯಲ್ಲಿ ಎರಡು ಗಂಟೆ ಹೋಗಬೇಕು.

ಅಷ್ಟರಲ್ಲಿ ಅಣ್ಣ ಸ್ಪೀಕರ್ ಸ್ಥಾನಕ್ಕೆ ನಿಂತು ಗೆದ್ದ. ಗೆದ್ದವನು ಒಲ್ಲೆ ಎಂದು ಕೊಸರಾಡಬೇಕು, ಮುಖ್ಯಮಂತ್ರಿಯೂ ವಿರೋಧ ಪಕ್ಷದ ನಾಯಕಿಯೂ ರಟ್ಟೆ ಹಿಡಿದು ಕುರ್ಚಿಗೆ ಎಳೆದೊಯ್ಯಬೇಕು, ಅದು ಪದ್ಧತಿ. ಈ ಪುಣ್ಯಾತ್ಮ ಕೊಸರುವುದನ್ನೇ ಮರೆತು ಅವರಿಗಿಂತ ಮುಂದೆ ಹೆಜ್ಜೆ ಹಾಕಿದ. ಟೀವಿ ನೋಡುತ್ತಿದ್ದ ಊರೆಲ್ಲ ನಕ್ಕಿತು. ನನಗೆ ಮೈಯೆಲ್ಲ ಉರಿಯಿತು. ಸ್ಪೀಕರ್ ಆದವನು ಮತ ಹಾಕಬೇಕಿಲ್ಲವಲ್ಲ!

ಭಾನುವಾರ ಚರ್ಚಿನ ಅಡುಗೆಮನೆಯಲ್ಲಿ ಪೆರೋಗಿ ಕಡುಬು ತುಂಬುತ್ತಿದ್ದ ಹೆಂಗಸರು ಅವನು ಬಂದರೂ ತಲೆ ಎತ್ತಲಿಲ್ಲ.

“ಕುರ್ಚಿ ಬೆಚ್ಚಗಿದ್ಯೇನಣ್ಣಾ? ಒಳ್ಳೆ ಜಾಗ ನೋಡ್ಕೊಂಡೇ ಬಚ್ಚಿಟ್ಕೊಂಡಿದ್ದೀಯ,” ಎಂದೆ.

“ಸ್ಲಾವ್ಕಾ, ಪಕ್ಷನ ಎದುರು ಹಾಕ್ಕೊಂಡ್ರೆ ಟಿಕೆಟ್ ಹೋಗುತ್ತೆ. ಊರನ್ನ ಎದುರು ಹಾಕ್ಕೊಂಡ್ರೆ ಮುಖ ತೋರ್ಸೋಕಾಗಲ್ಲ. ಏನ್ ಮಾಡ್ಲಿ ಹೇಳು?”

“ಕಡುಬು ತಿನ್ನು. ಅದಕ್ಕೇನೂ ಮತ ಹಾಕ್ಬೇಕಾಗಿಲ್ಲ.”

ಮಸೂದೆ ಮತಕ್ಕೆ ಬಂದ ದಿನ ನಾನು ಗ್ಯಾಲರಿಯಲ್ಲಿದ್ದೆ. ಹಿಮಬಿರುಗಾಳಿಗೆ ಹೆದ್ದಾರಿ ಮುಚ್ಚಿ, ಸರ್ಕಾರದ ಕಡೆಯ ಸದಸ್ಯನೊಬ್ಬ ದಾರಿಯಲ್ಲೇ ಸಿಕ್ಕಿಬಿದ್ದಿದ್ದ. ಮತಗಳು ಸಮಸಮ. ಸಮವಾದರೆ ಮಾತ್ರ ಸ್ಪೀಕರ್ ಮತ ಹಾಕಲೇಬೇಕು. ಅಣ್ಣನ ಮುಖ ಬಿಳಿಚಿಕೊಂಡಿತು. ಮುಖ್ಯಮಂತ್ರಿ ಅವನನ್ನೇ ದುರುಗುಟ್ಟಿ ನೋಡುತ್ತಿದ್ದ. ಅಣ್ಣ ಬಾಯಿ ತೆರೆಯುವಷ್ಟರಲ್ಲಿ ಸಭೆಯ ಕಾರ್ಯದರ್ಶಿ ಧಾವಿಸಿ ಬಂದು ಅವನ ಕಿವಿಯಲ್ಲಿ ಏನೋ ಉಸುರಿದ.

“ಬಹುಮತವಿಲ್ಲದಿದ್ದಾಗ ಇರುವುದನ್ನು ಇದ್ದಂತೆಯೇ ಬಿಡುವುದು ಈ ಪೀಠದ ಸಂಪ್ರದಾಯ,” ಎಂದ ಅಣ್ಣ. “ನನ್ನ ಮತ ಮಸೂದೆಗೆ ವಿರುದ್ಧ.”

ಮುಖ್ಯಮಂತ್ರಿ ಮುಂದಿದ್ದ ಕಾಗದಗಳನ್ನು ಮಡಚಿಟ್ಟ. ಸಂಪ್ರದಾಯದ ಮೇಲೆ ಯಾರು ಸಿಟ್ಟಾಗಬೇಕು? ಗ್ಯಾಲರಿಯಲ್ಲಿ ಚಪ್ಪಾಳೆ ತಟ್ಟುವಂತಿಲ್ಲ. ನಾನು ಸುಮ್ಮನೆ ಅತ್ತೆ.

ಆಮೇಲೆ ಅಣ್ಣ ಸ್ಪೀಕರ್ ತೊಡುವ ಕರಿ ನಿಲುವಂಗಿಯಲ್ಲೇ ವಿಧಾನಸಭೆಯ ಮೆಟ್ಟಿಲ ಮೇಲೆ ಕುಸಿದು ಕೂತ. “ಅಬ್ಬಾ, ಬದುಕ್ದೆ ಕಣೇ!”

ನನ್ನ ನಾಲಿಗೆ ಸುಮ್ಮನಿರಲಿಲ್ಲ. “ಆ ಸಂಪ್ರದಾಯ ನಿಂಗೆ ಮೊದ್ಲೇ ಗೊತ್ತಿತ್ತಾ?”

“ಇಲ್ಲ. ಆ ಕಾರ್ಯದರ್ಶಿ ಬಂದು ಕಿವೀಲಿ ಹೇಳಿದ್ಮೇಲೇ ಗೊತ್ತಾಗಿದ್ದು.”

“ಮತ್ತೆ ಅದಕ್ಕೂ ಮುಂಚೆ ಏನೋ ಹೇಳೋಕೆ ಬಾಯಿ ತೆಗ್ದಿದ್ಯಲ್ಲ?”

“ಆಸ್ಪತ್ರೆ ಮುಚ್ಚೋದು ಬೇಡ ಅನ್ನೋಕೆ,” ಎಂದ.