ಬೀರುವಿನ ಅಳತೆಯ ಗಿಟಾರ್

ಮನೆ ಸಾಮಾನು ಸಾಗಿಸುವ ಕಂಪನಿಯಲ್ಲಿ ಅವನನ್ನು ಎಲ್ಲರೂ ಬೀರು ಎಂದೇ ಕರೆಯುತ್ತಿದ್ದರು. ಅವನ ಮೈಕಟ್ಟು ಎರಡು ಬಾಗಿಲಿನ ಕಬ್ಬಿಣದ ಬೀರುವಿನ ಹಾಗೆಯೇ ಇತ್ತು. ಅಂಥದ್ದೊಂದು ಬೀರುವನ್ನು ಬೆನ್ನಿಗೆ ಪಟ್ಟಿ ಬಿಗಿದು ಒಬ್ಬನೇ ಮೆಟ್ಟಿಲಿಳಿಸಿದ್ದನ್ನು ಕಣ್ಣಾರೆ ಕಂಡವರೂ ಇದ್ದರು. ಕನ್ನಡಿ, ಗಾಜಿನ ದೀಪ, ಯಾರದೋ ಅಜ್ಜಿ ಕಾಲದ ಪಿಂಗಾಣಿ, ಏನೇ ಕೊಡಿ, ಅವನ ಕೈಯಲ್ಲಿ ಒಂದು ಗೀರೂ ಬೀಳುತ್ತಿರಲಿಲ್ಲ.

ಇಂಥ ಬೀರುವಿಗೆ ಗಿಟಾರಿನ ಹುಚ್ಚು. ಆದರೆ ಗಿಟಾರಿಗೂ ಅವನಿಗೂ ಕೂಡಿಬರುತ್ತಿರಲಿಲ್ಲ. ಮನೆಯಲ್ಲಿದ್ದ ದೊಡ್ಡ ಗಿಟಾರನ್ನು ತೊಡೆಯ ಮೇಲಿಟ್ಟರೆ ಅದರ ಹೊಟ್ಟೆಗೂ ಇವನ ಹೊಟ್ಟೆಗೂ ಜಾಗದ ಜಗಳ ಹತ್ತುತ್ತಿತ್ತು. ಗಿಟಾರು ಮುಂದಕ್ಕೆ ಜಾರಿ ಮೊಣಕಾಲಿನ ತುದಿಗೆ ಹೋಗುತ್ತಿತ್ತು. ಇವನು ಬಲಗೈಯನ್ನು ಬೇಲಿ ಹಾರಿಸುವವನಂತೆ ಅದರ ಮೇಲಿಂದ ಎಸೆದು ತಂತಿ ಹುಡುಕಬೇಕಿತ್ತು. ಸರಿ, ಸಣ್ಣದನ್ನೇ ತೆಗೆದುಕೊಳ್ಳೋಣವೆಂದು ಅಂಗಡಿ ಅಂಗಡಿ ಅಲೆದ. ಸಣ್ಣ ಗಿಟಾರುಗಳು ಮಡಿಲಲ್ಲಿ ಬೆಕ್ಕಿನ ಮರಿಯಂತೆ ಕೂತವು. ಅವುಗಳ ಕುತ್ತಿಗೆ ಮಾತ್ರ ಕಡ್ಡಿಯಷ್ಟೇ ತೆಳು. ಒಂದು ತಂತಿ ಒತ್ತಲು ಹೋದರೆ ಇವನ ಬೆರಳಿಗೆ ಮೂರು ಸಿಕ್ಕಿ, ಮೂರೂ ಒಟ್ಟಿಗೆ ಗಪ್ಪನೆ ಬಾಯಿ ಮುಚ್ಚುತ್ತಿದ್ದವು.

"ನಿಮ್ಮ ಅಳತೆ ಅಂಗಿ ಯಾವ ಅಂಗಡೀಲಾದ್ರೂ ಸಿಕ್ಕಿದೆಯಾ?" ಎಂದು ಕೇಳಿದವಳು ಹೆಂಡತಿ. ಅವಳು ದರ್ಜಿ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. "ಇಲ್ಲ ತಾನೆ? ನಾನೇ ಹೊಲೀಬೇಕು. ಗಿಟಾರೂ ಹಂಗೇ. ಮಾಡೋರ ಹತ್ರ ಹೋಗಿ ಮಾಡಿಸ್ಕೊಳ್ಳಿ. ಸುಮ್ನೆ ಅಂಗಡಿಯವರ ತಲೆ ತಿನ್ಬೇಡಿ."

ಹಾಗೆ ಹುಡುಕಿಕೊಂಡು ಹೋದದ್ದು ಸೈಕಲ್ ರಿಪೇರಿ ಅಂಗಡಿಯ ಹಿಂದಿನ ಒಂದು ಉದ್ದನೆಯ ಕೋಣೆಗೆ. ಅಲ್ಲಿ ಗಿಟಾರು ಮಾಡುವವರು ಒಬ್ಬ ಹಿರಿಯ ಹೆಂಗಸು. ಕಡ್ಡಿಯಂಥ ದೇಹ, ಮೂಗಿನ ತುದಿಗೆ ಕನ್ನಡಕ, ತಲೆಗೂದಲ ತುಂಬ ಮರದ ಪುಡಿ. ಬೀರು ಬಾಗಿಲಲ್ಲಿ ಬಂದು ನಿಂತಾಗ ಕೋಣೆಗೆ ಬೆಳಕು ಬರುವುದೇ ನಿಂತುಹೋಯಿತು.

"ಒಳಗೆ ಬನ್ನಿ, ಇಲ್ಲಾ ಹೊರಗೆ ಹೋಗಿ. ಮಧ್ಯದಲ್ಲಿ ನಿಂತ್ರೆ ನನಗೆ ಕಣ್ಣು ಕಾಣಲ್ಲ," ಎಂದರು ಆಕೆ.

ಅವನ ಕಷ್ಟವನ್ನೆಲ್ಲ ಕೇಳಿ, ಟೇಪು ತೆಗೆದು ಬೆರಳಿನ ದಪ್ಪ ಅಳೆದರು. ತೋಳು ಅಳೆದರು. ಒಂದು ಸ್ಟೂಲಿನ ಮೇಲೆ ಕೂರಿಸಿ, ಎದೆಯಿಂದ ತೊಡೆಯವರೆಗೆ ಹೊಟ್ಟೆಯ ಉಬ್ಬನ್ನೂ ಅಳೆಯಹೊರಟರು.

"ಉಸಿರು ಬಿಡಿ."

"ಬಿಟ್ಟೇ ಇದೀನಮ್ಮ."

"ಓ," ಎಂದು ಆಕೆ ಮುಖ ಆ ಕಡೆ ತಿರುಗಿಸಿದರು. ಭುಜಗಳು ಮಾತ್ರ ಕುಲುಕುತ್ತಿದ್ದವು. ಬೀರುವಿಗೂ ನಗು ತಡೆಯಲಾಗಲಿಲ್ಲ. ಅವನು ನಕ್ಕಾಗ ಟೇಪು ಕೈ ತಪ್ಪಿತು, ಅಳತೆ ಮತ್ತೆ ಮೊದಲಿನಿಂದ ಶುರುವಾಯಿತು.

ಆಮೇಲೆ ಕಾಯುವ ಕೆಲಸ. ಅದರಷ್ಟು ಭಾರದ ಸಾಮಾನನ್ನು ಬೀರು ಅದುವರೆಗೆ ಹೊತ್ತಿರಲಿಲ್ಲ. ಆ ದಾರಿಯಲ್ಲಿ ಏನೂ ಕೆಲಸವಿಲ್ಲದಿದ್ದರೂ ಆ ದಾರಿಯಲ್ಲೇ ಬರುತ್ತಿದ್ದ. ಇವತ್ತು ಹಲಗೆ ಬಗ್ಗಿಸಿದ್ದಾರೆಯೆ, ಇವತ್ತು ಅಂಟು ಒಣಗಿದೆಯೆ ಎಂದು ಕಿಟಕಿಯಲ್ಲಿ ಇಣುಕುತ್ತಿದ್ದ. ಕೊನೆಗೆ ಆಕೆ ಉಳಿ ಹಿಡಿದುಕೊಂಡೇ ಹೊರಗೆ ಬಂದರು. "ನೋಡಿ, ನೀವು ಇಣುಕಿದಾಗಲೆಲ್ಲ ನನ್ನ ಕೈ ನಡುಗುತ್ತೆ. ನಾನೇ ಫೋನ್ ಮಾಡೋವರೆಗೂ ಈ ಕಡೆ ತಲೆ ಹಾಕ್ಕೂಡದು."

ಆ ಫೋನು ಬಂದಾಗ ಬೀರು ಒಂದು ಹಳೆಯ ಅಪಾರ್ಟ್‌ಮೆಂಟಿನ ಇಕ್ಕಟ್ಟಾದ ಮೆಟ್ಟಿಲ ಮೇಲಿದ್ದ. ಕೈಯಲ್ಲಿ ಫ್ರಿಜ್ಜು. ಅದರ ಮೇಲ್ತುದಿ ಹಿಡಿದಿದ್ದವನು ಅವನ ಜೊತೆಗಾರ, ಲಾರಿ ಡ್ರೈವರ್. ಪ್ಯಾಂಟಿನ ಜೇಬಿನಲ್ಲಿ ಫೋನು ಗುರುಗುಟ್ಟಿತು.

"ತಮ್ಮಾ, ಸ್ವಲ್ಪ ಆ ಫೋನ್ ತೆಗೆಯೋ."

ಡ್ರೈವರ್ ಒಂದು ಕೈಯಲ್ಲಿ ಫ್ರಿಜ್ಜನ್ನು ಗೋಡೆಗೆ ಒತ್ತಿ, ಇನ್ನೊಂದು ಕೈಯಿಂದ ಹೇಗೋ ಫೋನು ಎಳೆದು ಕಿವಿಗಿಟ್ಟ. ಅವನ ಹುಬ್ಬು ಮೇಲೇರಿತು.

"ಅಣ್ಣಾ, ಯಾರೋ ಹೆಂಗಸು. 'ರೆಡಿಯಾಗಿದ್ದಾಳೆ, ಬಂದು ಕರ್ಕೊಂಡು ಹೋಗಿ' ಅಂತಿದಾರೆ. ಏನಣ್ಣಾ ಸಮಾಚಾರ? ಅತ್ತಿಗೆಗೆ ಗೊತ್ತಾ?"

ಅರ್ಧ ಮೆಟ್ಟಿಲಲ್ಲಿ ಸಾಮಾನು ಕೆಳಗಿಡುವವನನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಆದರೆ ಆವತ್ತು ಅವನೇ ಫ್ರಿಜ್ಜನ್ನು ಮೆಟ್ಟಿಲ ತಿರುವಿನಲ್ಲಿಟ್ಟು, ಅದನ್ನೇ ತಬ್ಬಿಕೊಂಡು ನಿಂತ.

ಊಟದ ಬಿಡುವಿನಲ್ಲಿ ಇಬ್ಬರೂ ಲಾರಿಯಲ್ಲೇ ಹೊರಟರು. ಡ್ರೈವರಿಗೆ ವಿಷಯ ತಿಳಿದು ಸ್ವಲ್ಪ ನಿರಾಸೆಯೇ ಆಗಿತ್ತು. "ಅಷ್ಟೇನಾ? ಗಿಟಾರಾ?" ಎಂದು ದಾರಿಯುದ್ದಕ್ಕೂ ಗೊಣಗಿದ.

ಉದ್ದನೆಯ ಕೋಣೆಯಲ್ಲಿ, ಮೇಜಿನ ಮೇಲೆ ಹಾಸಿದ ಕಂಬಳಿಯ ನಡುವೆ, ಗಿಟಾರು ಮಲಗಿತ್ತು. ಮುಂಭಾಗ ದೇವದಾರು, ಜೇನಿನ ಬಣ್ಣ. ಹಿಂಭಾಗ ಕಡುಕಂದು, ನೀರಿನಲ್ಲಿ ಮಸಿ ಬಿದ್ದು ಹರಡಿದಂಥ ಗೆರೆಗಳು. ಅಂಚಿಗೆ ಸುತ್ತಲೂ ತೆಳ್ಳಗಿನ ಕಪ್ಪು ಪಟ್ಟಿ. ಒಂದು ದಿಂಬಿಗಿಂತ ತುಸು ದೊಡ್ಡದಿರಬಹುದು, ಅಷ್ಟೆ. ಬೀರುವಿಗೆ ಅದನ್ನು ನೋಡಿ ನಗು ಬಂತು. ಚಂದದ್ದು ಏನು ಕಂಡರೂ ಅವನಿಗೆ ಮೊದಲು ಬರುವುದು ನಗುವೇ.

"ಎತ್ಕೊಳ್ಳಿ. ಕಚ್ಚಲ್ಲ," ಎಂದರು ಆಕೆ.

ಪಿಯಾನೋ ಹೊತ್ತಿದ್ದ ಕೈಗಳು ಅಂಗಿಗೆ ಎರಡೆರಡು ಸಲ ಒರೆಸಿಕೊಂಡು ಮುಂದೆ ಬಂದವು, ಮತ್ತೆ ಹಿಂದೆ ಹೋದವು. ಕೊನೆಗೂ ಎತ್ತಿದ. ಎಷ್ಟು ಹಗುರವೆಂದರೆ ಅವನು ಹಾಕಿದ ಬಲಕ್ಕೆ ಗಿಟಾರು ಗಾಳಿಯಲ್ಲಿ ಹಾರಿ ಗಲ್ಲದ ಹತ್ತಿರ ಬಂತು. ಆಕೆ "ಅಯ್ಯೋ!" ಎಂದು ಎರಡೂ ಕೈ ಚಾಚಿದರು. ಡ್ರೈವರ್ ಕಣ್ಣು ಮುಚ್ಚಿಕೊಂಡ.

ಏನೂ ಆಗಲಿಲ್ಲ. ಬೀರು ಸ್ಟೂಲಿನ ಮೇಲೆ ಕೂತು ಅದನ್ನು ಮಡಿಲಿಗಿಟ್ಟುಕೊಂಡ. ಗಿಟಾರು ಕೂತಿತು. ಜಾರಲಿಲ್ಲ, ವಾಲಲಿಲ್ಲ, ಹೊಟ್ಟೆಯ ಜೊತೆ ಜಗಳಕ್ಕೂ ಇಳಿಯಲಿಲ್ಲ. ಆಕೆ ಅದರ ಮೈಯನ್ನು ತೊಡೆಯ ಕಡೆ ದಪ್ಪವಾಗಿಯೂ ತೋಳು ಬರುವ ಕಡೆ ತೆಳ್ಳಗೂ ಮಾಡಿದ್ದರು. ಇವನ ತೋಳು ಅದರ ಮೇಲೆ ತಾನಾಗಿಯೇ ಬಂದು ಬಿತ್ತು, ದಿನಾ ಅಲ್ಲೇ ಬೀಳುತ್ತಿದ್ದ ಹಾಗೆ. ಕುತ್ತಿಗೆಯನ್ನು ಎಡಗೈ ಸುತ್ತಿತು. ಅಗಲವಾದ ಕುತ್ತಿಗೆ. ಒಂದು ತಂತಿಯ ಮೇಲೆ ಒಂದು ಬೆರಳು, ಪಕ್ಕದ ತಂತಿಗೆ ಅದರದೇ ಜಾಗ.

"ನುಡಿಸಿ ಮತ್ತೆ."

ಬೀರು ತಂತಿಗಳಿಂದ ಕೈ ತೆಗೆದುಬಿಟ್ಟ. "ಇಲ್ಲಿ ಆಗಲ್ಲಮ್ಮ. ನೀವು ನೋಡ್ತಿದೀರ. ನನಗೆ ಅಳು ಬರೋ ಹಾಗಿದೆ, ಇಲ್ಲಾ ಕುಣಿಯೋ ಹಾಗಿದೆ. ಯಾವುದೂಂತ ಗೊತ್ತಾಗ್ತಿಲ್ಲ."

"ಹಾಗಾದ್ರೆ ಹೊರಗೆ ಹೋಗಿ ಕುಣೀರಿ. ಇಲ್ಲಿ ಬೇಡ, ಅಂಟು ಒಣಗ್ತಿದೆ."

ಅವನು ಗಿಟಾರನ್ನು ಕಂಬಳಿಯ ಮೇಲಿಟ್ಟು, ಆಕೆಯನ್ನು ನೆಲದಿಂದ ಒಂದು ಮೊಳ ಮೇಲೆತ್ತಿ, ಒಂದು ಸುತ್ತು ತಿರುಗಿಸಿ ಇಳಿಸಿದ. ಕನ್ನಡಕ ಸರಿಮಾಡಿಕೊಳ್ಳುತ್ತ ಆಕೆ, "ಬಿಸಿಲಲ್ಲಿ ಇಡ್ಬೇಡಿ, ಒಲೆ ಹತ್ರ ಇಡ್ಬೇಡಿ, ಇನ್ನು ಯಾರನ್ನೂ ಹೀಗೆ ಎತ್ಬೇಡಿ," ಎಂದು ಒಂದೇ ಉಸಿರಿನಲ್ಲಿ ಬುದ್ಧಿ ಹೇಳಿ ಕಳಿಸಿದರು.

ವಾಪಸು ಬರುವಾಗ ಗಿಟಾರಿನ ಪೆಟ್ಟಿಗೆ ಅವನ ಮಡಿಲಲ್ಲಿತ್ತು. "ಗುಂಡಿ! ಗುಂಡಿ ಇದೆ ಕಣೋ! ನಿಧಾನ!" ಎಂದು ಬೀರು ರಸ್ತೆಯುದ್ದಕ್ಕೂ ಕೂಗಿದ.

"ಅಣ್ಣಾ, ಹಿಂದೆ ಗಿರಾಕಿಯ ಗಾಜಿನ ಮೇಜಿದೆ. ಅದಕ್ಕೆ ಒಂದಿನಾನಾದ್ರೂ ಹಿಂಗೆ ಬಾಯಿ ಬಡ್ಕೊಂಡಿದೀಯಾ?"

ಆ ಗಿರಾಕಿ ನಿವೃತ್ತ ಟ್ರಾಫಿಕ್ ಪೊಲೀಸಮ್ಮ. ತಂಗಿಯ ಮನೆಯ ಪಕ್ಕದಲ್ಲೇ ಒಂದು ಮನೆ ಸಿಕ್ಕಿತೆಂದು ಅಲ್ಲಿಗೆ ಹೊರಟಿದ್ದರು. ನಿವೃತ್ತರಾದರೂ ಕೈ ಸುಮ್ಮನಿರುತ್ತಿರಲಿಲ್ಲ. ಸೋಫಾ ಬಾಗಿಲಿಗೆ ಬಂದರೆ ಅಂಗೈ ತೋರಿಸಿ ನಿಲ್ಲಿಸುವುದು, ಮಂಚಕ್ಕೆ ದಾರಿ ಬಿಡುವುದು, ಆಮೇಲೆ ಸೋಫಾಕ್ಕೆ ಸನ್ನೆ ಮಾಡುವುದು. ಬೆಳಗಿನಿಂದ ಬೀರುವನ್ನೂ ಡ್ರೈವರನ್ನೂ ಅವರು ಹಾಗೇ ನಡೆಸಿದ್ದರು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಕೊನೆಯ ಪೆಟ್ಟಿಗೆಯೂ ಲಾರಿ ಸೇರಿತು. ಡ್ರೈವರ್ ಹಗ್ಗ ಬಿಗಿಯತೊಡಗಿದ. ಆಕೆ ಪಕ್ಕದ ಮನೆಯವರಿಗೆ ಹೋಗಿಬರುತ್ತೇನೆಂದು ಹೇಳಲು ಹೋದರು. ಏನಾದರೂ ಉಳಿದಿದೆಯೇ ನೋಡುತ್ತೇನೆಂಬ ನೆಪ ಮಾಡಿ ಬೀರು ಗಿಟಾರಿನ ಪೆಟ್ಟಿಗೆ ಹಿಡಿದು ಮೇಲೆ ಹತ್ತಿದ.

ಖಾಲಿ ಮನೆಯ ರುಚಿ ಅವನ ಕಸುಬಿನವರಿಗೇ ಗೊತ್ತು. ಪರದೆ, ಹಾಸಿಗೆ, ಬಟ್ಟೆಬರೆ ಎಲ್ಲ ಹೋದ ಮೇಲೆ ಕೋಣೆಗಳಿಗೆ ದನಿ ಬರುತ್ತದೆ. ಒಂದು ಸಲ ಕೆಮ್ಮಿದರೂ ಗೋಡೆ ಅದನ್ನು ತಿರುಗಿಸಿ ಕೊಡುತ್ತದೆ. ಬೀರು ಮಲಗುವ ಕೋಣೆಯ ನೆಲದ ಮೇಲೆ ಗೋಡೆಗೊರಗಿ ಕೂತ. ಗಿಟಾರು ತೆಗೆದ. ಒಂದೇ ಒಂದು ತಂತಿ ಮೀಟಿದ.

ಆ ಒಂದು ಸ್ವರ ಎದ್ದು ನಿಂತಿತು. ಕೋಣೆಯ ನಾಲ್ಕೂ ಮೂಲೆ ನೋಡಿಕೊಂಡು ಬಂದು ಅವನ ಹೊಟ್ಟೆಯೊಳಗೆ ಇಳಿಯಿತು. ನಿಜವಾಗಿಯೂ ಹೊಟ್ಟೆಗೇ! ಗಿಟಾರಿನ ಬೆನ್ನು ಮೈಗೆ ಒತ್ತಿಕೊಂಡು ಗುಂಯ್‌ಗುಡುತ್ತಿತ್ತು. ಇನ್ನೊಂದು ತಂತಿ. ಆಮೇಲೆ ಆರೂ. ಇಷ್ಟು ಪುಟ್ಟ ಮೈಯಲ್ಲಿ ಇಷ್ಟೊಂದು ದನಿ ಎಲ್ಲಿತ್ತು! ಬೀರು ಕಿಸಕ್ಕನೆ ನಕ್ಕ. ಕೋಣೆಯೂ ನಕ್ಕಿತು. ದೊಡ್ಡ ಗಿಟಾರಿನಲ್ಲಿ ಎಂದೂ ಪೂರ್ತಿ ಮುಗಿಸಲಾಗದ ಒಂದು ಕುಣಿತದ ರಾಗವಿತ್ತು. ಅದನ್ನು ಹಿಡಿದ. ಬೆರಳುಗಳು ಒಂದೂ ಎಡವಲಿಲ್ಲ.

"ಏನ್ರೀ ಇದು?"

ಬಾಗಿಲಲ್ಲಿ ಪೊಲೀಸಮ್ಮ. ಬೀರು ತಡಬಡಾಯಿಸಿ ಏಳಲು ಹೋದ. ಆಕೆಯ ಅಂಗೈ ಮೇಲೆದ್ದಿತು. ಅವನು ಇದ್ದಲ್ಲೇ ನಿಂತುಬಿಟ್ಟ, ಅರ್ಧ ಕೂತು ಅರ್ಧ ಎದ್ದು.

"ಕೂತ್ಕೊಳ್ಳಿ. ಈ ರೂಮಿಗೆ ಇಂಥ ಗಂಟಲಿದೆ ಅಂತ ನನಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷ ಇಲ್ಲಿ ಬರೀ ಗೊರಕೆ ಹೊಡೆದಿದೀನಿ." ಆಮೇಲೆ ಒಳಗಡೆಗೆ ಕತ್ತು ತಿರುಗಿಸಿ, "ಅಡುಗೆಮನೇಲಿ ಹೇಗೆ ಕೇಳುತ್ತೆ?" ಎಂದರು.

"ನೋಡೇಬಿಡೋಣಮ್ಮ!"

ಅಡುಗೆಮನೆಯಲ್ಲಿ ಸ್ವರ ಚುರುಕಾಗಿ, ಚಮಚ ಉದುರಿದ ಹಾಗೆ ಕೇಳಿತು. ನಡುಮನೆಯಲ್ಲಿ ದೊಡ್ಡದಾಯಿತು, ಸ್ವಲ್ಪ ಜಂಬವೂ ಬಂತು. ಬಾಲ್ಕನಿ ಎಲ್ಲವನ್ನೂ ಬೀದಿಗೆ ಚೆಲ್ಲಿಬಿಟ್ಟಿತು. "ಬೇಡ, ದಂಡ!" ಎಂದು ಆಕೆ ಅದನ್ನು ತಳ್ಳಿಹಾಕಿದರು. ಉಳಿದದ್ದು ಬಚ್ಚಲುಮನೆ. ಬೀರು ತಲೆ ತಗ್ಗಿಸಿ ಒಳಗೆ ತೂರಿ, ಟೈಲ್ಸಿನ ಕಟ್ಟೆಯ ಮೇಲೆ ಕೂತು ಬೆರಳಾಡಿಸಿದ.

ಇಬ್ಬರೂ ಬಾಯಿ ತೆರೆದುಕೊಂಡು ಒಬ್ಬರ ಮುಖ ಒಬ್ಬರು ನೋಡಿದರು. ಹತ್ತು ಗಿಟಾರುಗಳು ಒಟ್ಟಿಗೆ ಹಾಡುತ್ತಿದ್ದವು.

ಅಷ್ಟರಲ್ಲಿ ಕೆಳಗೆ ಲಾರಿಯ ಹಾರ್ನು. ಮತ್ತೊಮ್ಮೆ ಹಾರ್ನು. ಆಮೇಲೆ ದಡದಡ ಮೆಟ್ಟಿಲ ಸದ್ದು. "ಅಣ್ಣಾ, ಏನು ಇಲ್ಲೇ ಸಂಸಾರ ಹೂಡಿದೀಯಾ? ಅಲ್ಲಿ ಅವರ ತಂಗಿ ನನ್ನ ಫೋನಿಗೆ..." ಎನ್ನುತ್ತ ನುಗ್ಗಿದ ಡ್ರೈವರ್ ಬಚ್ಚಲ ಬಾಗಿಲಲ್ಲಿ ನಿಂತ. ಕಾಲು ತಾಳ ಹಾಕತೊಡಗಿತು. ಕೈ ಬಾಗಿಲ ಹಲಗೆಯನ್ನು ತಟ್ಟತೊಡಗಿತು. ಪೊಲೀಸಮ್ಮ ಒಂದು ಕೈಯಲ್ಲಿ ಬಾಗಿಲು ತಟ್ಟುವವನಿಗೆ ನಿಧಾನವೆಂದೂ, ಇನ್ನೊಂದು ಕೈಯಲ್ಲಿ ಗಿಟಾರಿಗೆ ಮುಂದೆ ಬಾ ಎಂದೂ ಸನ್ನೆ ಮಾಡಿದರು. ಮೂವರೂ ಆ ಕಿಷ್ಕಿಂಧೆಯಲ್ಲಿ ಬೆವರಿಳಿಸಿಕೊಂಡು, ರಾಗ ಮುಗಿಯುವ ಹೊತ್ತಿಗೆ ಕೇಕೆ ಹಾಕುತ್ತಿದ್ದರು.

ಹೊಸ ಮನೆಯಲ್ಲಿ ತಂಗಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಕಾಯುತ್ತಿದ್ದಳು. "ಇಷ್ಟು ಹೊತ್ತು ಏನಕ್ಕಾ ಮಾಡ್ತಿದ್ದೆ?" ಎಂದಳು.

"ಟ್ರಾಫಿಕ್ಕು ಕಣೆ," ಎಂದರು ಪೊಲೀಸಮ್ಮ, ಕಣ್ಣು ಮಿಟುಕಿಸದೆ.

ಸಾಮಾನೆಲ್ಲ ಇಳಿಸಿ ಬೀರು ಮನೆ ಮುಟ್ಟಿದಾಗ ಹೆಂಡತಿ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಳು. ಅವನು ಪೆಟ್ಟಿಗೆ ತೆರೆದು, ಗಿಟಾರನ್ನು ಅವಳ ಕೈಗೇ ಕೊಟ್ಟ. ಅವಳು ಕೈಯ ಎಣ್ಣೆ ಒರೆಸಿಕೊಂಡು, ದೀಪದ ಕೆಳಗೆ ಹಿಡಿದು, ಸುತ್ತಲಿನ ಕಪ್ಪು ಪಟ್ಟಿಯ ಮೇಲೆ ಹೆಬ್ಬೆರಳು ಓಡಿಸಿದಳು.

"ಅಂಚು ಎಷ್ಟು ನೀಟಾಗಿ ಕೂರಿಸಿದಾರೆ ನೋಡ್ರೀ. ಎಲ್ಲೂ ಸುಕ್ಕಿಲ್ಲ. ಕೈ ಪಳಗಿದೆ ಆಯಮ್ಮಂದು." ಆಮೇಲೆ ಅವನ ಮುಖ ನೋಡಿದಳು. ಅದು ಊರಗಲವಾಗಿತ್ತು. "ಏನ್ರೀ, ದವಡೆ ನೋವು ಬರಲ್ವಾ ಹಿಂಗೆ ಹಲ್ಲು ಕಿಸೀತಿದ್ರೆ?"

"ಬರ್ತಿದೆ. ಆಗಿಂದ ಬರ್ತಿದೆ."

ಅವನು ನುಡಿಸಿದ. ಅವಳು ಕತ್ತರಿಸಿಟ್ಟ ಬಟ್ಟೆಗಳ ನಡುವೆ ಕೂತು ಕೇಳಿದಳು. ದೊಡ್ಡ ಗಿಟಾರಿನ ಕಾಲದಲ್ಲಿ ಯಂತ್ರ ತುಳಿಯುತ್ತಲೇ ಕೇಳುತ್ತಿದ್ದವಳು ಆವತ್ತು ಕಾಲನ್ನು ಪೆಡಲಿನ ಮೇಲೆ ಇಡಲಿಲ್ಲ. ರಾಗ ಮುಗಿದ ಮೇಲೆ, "ನನಗೂ ಒಂದು ತೋರಿಸ್ಕೊಡಿ. ಸುಲಭದ್ದು," ಎಂದಳು.

ಗಿಟಾರು ಅವಳ ಮಡಿಲಿಗೆ ಹೋಯಿತು. ಅವನು ಅವಳ ಹಿಂದೆ ಮಂಡಿಯೂರಿ ಕೂತು, ಅವಳ ತೆಳ್ಳಗಿನ ಬೆರಳುಗಳನ್ನು ಒಂದೊಂದಾಗಿ ತಂತಿಗಳ ಮೇಲಿಟ್ಟ. "ಗಟ್ಟಿಯಾಗಿ ಒತ್ತು. ಈಗ ಈ ಕೈಯಿಂದ ಸವರು."

ಅವಳು ಸವರಿದಳು. ದನಿ ಬಂತು, ಒಂದಿಷ್ಟೂ ಕೆಡದೆ, ತುಂಬಿಕೊಂಡು.

"ನಾನೇನಾ ಮಾಡಿದ್ದು?" ಅವಳ ಕಣ್ಣು ಅರಳಿತು. ಮತ್ತೆ ಸವರಿದಳು. ಮತ್ತೆ. ಅದೊಂದೇ ಸ್ವರಮೇಳವನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ, ಮೆಲ್ಲಗೆ, ಜೋರಾಗಿ ನುಡಿಸಿ ತಾನೇ ಗಹಗಹಿಸಿ ನಕ್ಕಳು.

ಬೀರು ಬಹಳ ಹೊತ್ತು ತಾಳ್ಮೆಯಿಂದ ಕಾದ. ಆಮೇಲೆ ಕೈ ಚಾಚಿದ.

"ಸಾಕು, ಇನ್ನು ನನಗೆ ಕೊಡೇ."

"ತಡೀರಿ ಒಂದ್ ನಿಮಿಷ."

"ನಂದು ಕಣೇ ಅದು!"

"ನಿಮ್ದೇ, ಯಾರು ಇಲ್ಲ ಅಂದ್ರು?" ಎಂದು ಅವಳು ಗಿಟಾರನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು, ಅವನಿಗೆ ಬೆನ್ನು ಮಾಡಿ ಕೂತಳು.