ಒಂದು ಚಮಚ ಒಣ ಹಿಟ್ಟು

ಆ ಬೇಕರಿಯ ಯಜಮಾನರಷ್ಟು ಒಳ್ಳೆಯ ಮನುಷ್ಯರು ಆ ಬೀದಿಯಲ್ಲಿ ಇನ್ನೊಬ್ಬರಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಯಾರೋ ದುಷ್ಟರ ಕಥೆಯೆಂದುಕೊಂಡು ನೀವು ನೆಮ್ಮದಿಯಾಗಿ ಕೂತುಬಿಡುತ್ತೀರಿ. ತೂಕದಲ್ಲಿ ಗುಲಗಂಜಿಯಷ್ಟೂ ಮೋಸವಿಲ್ಲ. ಒಲೆಯಿಂದ ಇಳಿದ ಮೊದಲ ಬ್ರೆಡ್ಡು ಹಸಿದು ಬಂದವರಿಗೆ. ಯಾರಾದರೂ ಹೊಗಳಿದರೆ, "ನನ್ನದೇನಿದೆ, ಎಲ್ಲಾ ಅವನದು" ಎಂದು ಮೇಲಕ್ಕೆ ಕೈ ತೋರಿಸುವರು.

ಬೇಕರಿಯ ಹಿಂದೆಯೇ ಮನೆ, ನಡುವೆ ಒಂದು ಬಾಗಿಲು. ಹಿರಿಯ ಮಗ ತೀರಿಕೊಂಡು ಎರಡು ವರ್ಷವಾಗಿತ್ತು. ಅವನ ಹೆಂಡತಿ ಹಿಟ್ಟು ನಾದುತ್ತಿದ್ದಳು. ಅವಳ ಏಳು ವರ್ಷದ ಮಗಳು ಬನ್ನುಗಳ ಮೇಲೆ ಹಾಲು ಸವರುವಳು, ಅರ್ಧ ಹಾಲು ತನ್ನ ಮೂಗಿಗೇ. ಚಿಕ್ಕ ಮಗನಿಗೆ ಹಿಟ್ಟಿನ ದೂಳು ಕಂಡರೆ ಉಬ್ಬಸ. ಹಾಗಾಗಿ ಅವನು ಔಷಧದ ಅಂಗಡಿ ಸೇರಿದ್ದ, ಮನೆಯಲ್ಲಿ ಅವನ ಹೆಸರೇ ಗುಳಿಗೆ ಪಂಡಿತ.

ಪಂಡಿತನ ಹೊಟ್ಟೆಯಲ್ಲಿ ಒಂದು ಗುಟ್ಟಿತ್ತು. ಗಂಡ ಹೋದ ಮೇಲೆ ಅತ್ತಿಗೆಗೆ ನಿದ್ದೆಯಿಲ್ಲ, ನಿಂತಲ್ಲೇ ಎದೆ ಡವಡವ. ಅವನೇ ಡಾಕ್ಟರಿಗೆ ತೋರಿಸಿ ಮಾತ್ರೆ ತಂದುಕೊಟ್ಟಿದ್ದ.

"ಬಾಯಿ ಒಣಗುತ್ತೆ ಅತ್ತಿಗೆ, ಆಗಾಗ ನೀರು ಕುಡೀತಿರಿ."

"ಮನೇಲಿ ಮಾತ್ರ ಹೇಳ್ಬೇಡಪ್ಪ. ತಲೆ ಕೆಟ್ಟಿದೆ ಅಂತ ಮಗೂನ ನನ್ನಿಂದ ಬಿಡಿಸಿಬಿಡ್ತಾರೆ."

ಅವನು ಆಣೆ ಮಾಡಿ ಹೇಳಿದ್ದ, ಯಾರಿಗೂ ಹೇಳುವುದಿಲ್ಲವೆಂದು.

ಹೀಗಿರುವಾಗ ಪಂಡಿತನ ಅಮ್ಮನ ಉಂಗುರ ಕಳೆಯಿತು. ಹಿಟ್ಟು ಮುಟ್ಟುವ ಮುಂಚೆ ಬಿಚ್ಚಿ ಗೂಡಿನಲ್ಲಿಟ್ಟಿದ್ದರಂತೆ, ಬಂದು ನೋಡಿದರೆ ಗೂಡು ಬರಿದು. ಆ ಮನೆಗೆ ಮುತ್ತಾತನ ಕಾಲದ ಒಂದು ಪದ್ಧತಿಯಿತ್ತು. ಏನೇ ಕಳೆಯಲಿ, ದೊಡ್ಡವರೆಲ್ಲರೂ ದೇವರ ಮುಂದೆ ಕೂತು ಒಂದೊಂದು ಚಮಚ ಒಣ ಹಿಟ್ಟನ್ನು ನೀರಿಲ್ಲದೆ ನುಂಗಬೇಕು. ನಿರಪರಾಧಿಯ ಬಾಯಲ್ಲಿ ದೇವರು ನೀರೂರಿಸುತ್ತಾನೆ, ಕಳ್ಳರ ಗಂಟಲು ಕಟ್ಟುತ್ತಾನೆ.

"ಅಪ್ಪಾ, ಇನ್ನೊಂದು ಸಲ ಹುಡುಕೋಣ. ಇದೆಲ್ಲ ಯಾಕೆ?" ಎಂದ ಪಂಡಿತ.

"ಹುಡುಕೋಕೆ ನಮಗೆ ಕಣ್ಣೆರಡು, ಅವನಿಗೆ ಸಾವಿರ. ನಾನೇನು ತೀರ್ಪು ಕೊಡ್ತೀನೇನೋ? ನಾನೂ ನುಂಗ್ತೀನಿ, ಮೊದಲು ನಾನೇ."

ಹೌದು, ಮೊದಲು ಅವರೇ ನುಂಗಿದರು. ಆಮೇಲೆ ಅಮ್ಮ. ಪಂಡಿತನೂ ಕೆಮ್ಮುತ್ತ ಕೆಮ್ಮುತ್ತ ನುಂಗಿದ. ನುಂಗುವಾಗಲೇ ಅವನಿಗೆ ಅತ್ತಿಗೆಯ ಗತಿ ಗೊತ್ತಿತ್ತು. ಹೇಳಿದರೆ ಹುಚ್ಚಿ, ಹೇಳದಿದ್ದರೆ ಕಳ್ಳಿ. ಅತ್ತ ದರಿ, ಇತ್ತ ಪುಲಿ. ಅವಳು ಅವನತ್ತ ನೋಡಿ ತಲೆಯಾಡಿಸಿದಳು, ಹೇಳಬೇಡವೆಂದು.

ಚಮಚ ಅವಳ ಬಾಯಿಗೆ ಹೋಯಿತು. ಪಾಪ, ಆ ಬಾಯಲ್ಲಿ ನೀರೆಲ್ಲಿಂದ ಬರಬೇಕು? ಒಂದು ಸಲ ನುಂಗಲು ನೋಡಿದಳು, ಇನ್ನೊಂದು ಸಲ. ಕಣ್ಣು ಕೆಂಪಾದವು. ಹಿಟ್ಟೆಲ್ಲ ಸೆರಗಿನ ಮೇಲೆ ಚೆಲ್ಲಿತು. ಮೂಲೆಯಲ್ಲಿ ನಿಂತಿದ್ದ ಮಗು, "ಅಮ್ಮಾ, ನುಂಗಮ್ಮಾ!" ಎಂದು ಕೂಗಿತು.

ಪಂಡಿತ ಇನ್ನು ತಡೆಯಲಾರದೆ ಹೋದ. "ಅದು ಮಾತ್ರೆಯಿಂದ ಅಪ್ಪಾ! ನಾನೇ ತಂದ್ಕೊಟ್ಟಿದ್ದು. ಅದು ತಗೊಂಡ್ರೆ ಯಾರ ಬಾಯಾದ್ರೂ ಒಣಗುತ್ತೆ. ನೀವೇ ಒಂದು ತಗೊಂಡು ನೋಡಿ!"

"ಯಾವ ಮಾತ್ರೆ?" ಅಮ್ಮ ಎದ್ದು ನಿಂತರು. "ತಲೆ ಕೆಟ್ಟೋಳಾ? ಅಯ್ಯೋ, ಇವಳ ಮಗ್ಗುಲಲ್ಲಾ ಮಗು ಮಲಗ್ತಿರೋದು!"

"ದೇವರ ಮಾತಿಗೆ ನಿನ್ನ ಮಾತ್ರೆ ಅಡ್ಡ ಬರುತ್ತೇನೋ?" ಎಂದರು ಅಪ್ಪ. ದನಿಯೇನೂ ಏರಿಸಲಿಲ್ಲ, ಅವರು ದನಿ ಏರಿಸಿದ್ದನ್ನು ಕಂಡವರೇ ಇಲ್ಲ. "ನನಗೆ ಅವಳ ಮೇಲೆ ಕೋಪ ಇಲ್ಲಪ್ಪ. ಅವನು ತೋರಿಸಿದ್ದನ್ನ ಇಲ್ಲ ಅನ್ನೋಕೆ ನಾನ್ಯಾರು?"

ಎಂಥ ವಿನಯ ನೋಡಿ! ಮಾಡುವುದೆಲ್ಲ ತಾವು, ಹೆಸರು ಮಾತ್ರ ದೇವರದು. ಹೀಗೆ ಕಳ್ಳಿಯೂ ಆದಳು, ಹುಚ್ಚಿಯೂ ಆದಳು. ಸಂಜೆಯೊಳಗೆ ಅವಳ ಅಣ್ಣ ಬಂದು ಕರೆದುಕೊಂಡು ಹೋದ. ಮಗು ಈ ಮನೆಯದು, ಇಲ್ಲೇ ಇರಲಿ ಎಂದರು. ಅವಳು ಬಾಗಿಲಲ್ಲಿ ನಿಂತು ಪಂಡಿತನಿಗೆ ಹೇಳಿದ್ದು ಇಷ್ಟೇ: "ರಾತ್ರಿ ಹೊದಿಕೆ ಒದ್ದುಬಿಡ್ತಾಳೆ, ನೋಡ್ಕೊ."

ಎಂಟನೆಯ ದಿನ ಹಿಟ್ಟಿನ ಡಬ್ಬ ಸರಿಸಿದಾಗ ಗೋಡೆಯ ಸಂದಿಯಲ್ಲಿ ಉಂಗುರ ಸಿಕ್ಕಿತು. ಗೂಡಿನಿಂದ ನೇರ ಕೆಳಗೆ ಬಿದ್ದಿತ್ತು, ಅಷ್ಟೇ. ಪಂಡಿತ ಅದನ್ನು ಹಿಡಿದು ಅಪ್ಪನ ಮುಂದೆ ನಿಂತ.

"ಈಗಲಾದ್ರೂ ಕರೆಸಿ ಅಪ್ಪಾ. ನಿಮ್ಮ ಕಾಲಿಗೆ ಬೀಳ್ತೀನಿ."

ಅಪ್ಪ ಉಂಗುರ ತಿರುಗಿಸಿ ನೋಡಿದರು. "ಭಯ ಬಿದ್ದು ಅವಳೇ ಅಲ್ಲಿ ಹಾಕಿರ್ಬೇಕು. ಇಲ್ದಿದ್ರೆ ನೂರು ವರ್ಷದಿಂದ ನುಂಗಿದ್ದೆಲ್ಲ ಸುಳ್ಳಾಗುತ್ತಲ್ಲೋ? ನಮ್ಮಪ್ಪ ಇದೇ ಹಿಟ್ಟು ತಿನ್ನಿಸಿ ತನ್ನ ತಮ್ಮನ್ನ ಮನೆಯಿಂದ ಹೊರಗೆ ಹಾಕಿದ್ರು." ಮುಖ ತಿರುಗಿಸಿ ಒಲೆಯ ಕಡೆ ನಡೆದರು.

ಮರುದಿನ ಮಧ್ಯಾಹ್ನ ಊಟಕ್ಕೆ ಬಂದ ಪಂಡಿತನಿಗೆ ಉಗ್ರಾಣದಲ್ಲಿ ಯಾರೋ ಕೆಮ್ಮಿದಂತಾಯಿತು. ಚೀಲಗಳ ಹಿಂದೆ ಮಗು ಕುಳಿತಿತ್ತು. ಕೈಯಲ್ಲಿ ಚಮಚ, ಬಾಯಿ ತುಂಬ ಹಿಟ್ಟು, ಮುಖವೆಲ್ಲ ಕೆಂಪು. ಅವನು ಹೌಹಾರಿ ನೀರು ತಂದು ಹಿಡಿದರೆ ಅದು ಲೋಟ ತಳ್ಳಿ, ತುಟಿ ಬಿಗಿ ಹಿಡಿದು, ಕಣ್ಣಲ್ಲಿ ನೀರು ಸುರಿಸುತ್ತ ಗುಟುಕ್ಕನೆ ನುಂಗಿತು.

"ಏನೇ ಇದು, ನನ್ನ ಕಂದಾ?"

"ಕಲೀತಿದ್ದೀನಿ ಚಿಕ್ಕಪ್ಪ. ನೆನ್ನೆ ಅರ್ಧ ಚಮಚ, ಇವತ್ತು ಪೂರ್ತಿ." ಅದು ಮುಂಗೈಯಿಂದ ಬಾಯಿ ಒರೆಸಿಕೊಂಡಿತು. "ಅಮ್ಮಂಗೆ ಯಾರೂ ಹೇಳ್ಕೊಟ್ಟಿರ್ಲಿಲ್ಲ. ಅದಕ್ಕೇ ಬರ್ಲಿಲ್ಲ."

ಬಾಗಿಲಲ್ಲಿ ಅಪ್ಪ ಖಾಲಿ ತಟ್ಟೆ ಹಿಡಿದು ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮೇಲಕ್ಕೆ ಕೈ ತೋರಿಸಲಿಲ್ಲ, ಒಳಗೂ ಬರಲಿಲ್ಲ.

ಮಗು ಇನ್ನೊಂದು ಚಮಚ ತುಂಬಿ ಅವನತ್ತ ಚಾಚಿತು.

"ನೀನೂ ಕಲಿ ಚಿಕ್ಕಪ್ಪ. ಆವತ್ತು ನೀನೂ ತುಂಬಾ ಕೆಮ್ಮಿದೆ. ನಿನ್ನನ್ನೂ ಕಳಿಸಿಬಿಟ್ರೆ ನಂಗೆ ಯಾರಿರ್ತಾರೆ?"