ಒಂದರ ಪಕ್ಕದ ಅಂಕೆ

ಒಂದಾನೊಂದು ಬೆಟ್ಟದೂರಿನಲ್ಲಿ ಒಬ್ಬಳು ಹುಡುಗಿಯಿದ್ದಳಂತೆ. ಆಕಾಶದಿಂದ ಬಿದ್ದು ಸತ್ತವನೊಬ್ಬನ ಹೆಸರು ಹುಡುಕಿ, ಪಾದ್ರಿಯ ಬಾಯಲ್ಲಿ ಓದಿಸುತ್ತೇನೆಂದು ಅಮ್ಮನಿಗೆ ಮಾತು ಕೊಟ್ಟಿದ್ದಳಂತೆ. ಹುಡುಕುತ್ತ ಹುಡುಕುತ್ತ ಅವಳ ಕೂದಲು ಬೆಳ್ಳಗಾಯಿತು, ಹಲ್ಲು ಉದುರಿತು, ಹೆಸರು ಮಾತ್ರ ಸಿಗಲಿಲ್ಲ.

ಆ ಹುಡುಗಿ, ಅರ್ಗಿರೋ, ಇವತ್ತು ಹೆಣವಾಗಿ ನಡುಮನೆಯಲ್ಲಿ ಬಾಗಿಲ ಕಡೆ ಕಾಲು ಚಾಚಿ ಮಲಗಿದ್ದಾಳೆ. ತಮ್ಮನ ಮಗಳು ಉರಾನಿಯಾ ಪಕ್ಕದಲ್ಲೇ ಮಂಡಿಯೂರಿ, ಬಿಸ್ಕತ್ತಿನ ಡಬ್ಬಿಯನ್ನು ನೆಲಕ್ಕೆ ಸುರಿದು, ಗೋರಿಗೆ ಹಾಕಲು ಒಂದು ಫೋಟೊ ಹುಡುಕುತ್ತಿದ್ದಾಳೆ. ಅತ್ತೆ ಇರುವ ಚಿತ್ರ ಒಂದೇ ಒಂದು. ಅದರಲ್ಲಿ ಅವಳು ವರ್ಷದ ಕೂಸು, ಅಮ್ಮನ ಕಂಕುಳಲ್ಲಿ ಆಚೆ ಮುಖ ಮಾಡಿದ್ದಾಳೆ. ಹಿಂದೆ ಹೊಲದಲ್ಲಿ ಕುಸಿದ ಜರ್ಮನ್ ವಿಮಾನ.

"ಇದನ್ನ ಹಾಕಿದ್ರೆ ವಿಮಾನದ ಗೋರಿ ಅಂದ್ಕೋತಾರೆ," ಎಂದಳು. ಸತ್ತವರ ಹೆಸರಿನಲ್ಲಿ ಹಂಚಲು ಬೇಯಿಸಿದ ಗೋಧಿಗೆ ಸಕ್ಕರೆ ಉದುರಿಸುತ್ತಿದ್ದ ಹೆಂಗಸರನ್ನು, ನಿಮ್ಮ ಮನೆಗಳಲ್ಲಿ ಅತ್ತೆಯ ಮುಖ ಕಾಣುವ ಒಂದಾದರೂ ಫೋಟೊ ಇದೆಯಾ ಎಂದು ಕೇಳಿದಳು. ಎಲ್ಲರೂ ಇಲ್ಲವೆಂದು ತಲೆಯಾಡಿಸಿದರು. ಪಕ್ಕದ ಮನೆಯ ಸ್ತಮಾತಿಯಾ ಅಜ್ಜಿ ಮಾತ್ರ ಎದ್ದು ಹೊರಗೆ ಹೋದಳು.

*

ಮಹಾಯುದ್ಧದಲ್ಲಿ ಆ ವಿಮಾನ ಬಿದ್ದಾಗ ಬೆಟ್ಟವೆಲ್ಲ ಜರ್ಮನ್ನರ ವಿರುದ್ಧ ಹೋರಾಡುತ್ತಿದ್ದ ಗೆರಿಲ್ಲಾಗಳ ಕೈಯಲ್ಲಿತ್ತು. ಸತ್ತ ಪೈಲಟ್‌ನ ಗುರುತಿನ ಕಾಗದ, ಕೊರಳ ಬಿಲ್ಲೆ ಎಲ್ಲ ಅವರೇ ಒಯ್ದರು. ಹೆಣವನ್ನು ಹೂತವಳು ಅರ್ಗಿರೋಳ ಅಮ್ಮ. ಸಾಯುವಾಗ ಮಗಳ ಕೈ ಹಿಡಿದು, ಹೆಸರಿಲ್ಲದವನನ್ನು ದೇವರು ಏನೆಂದು ಕರೆಯಬೇಕು ಎಂದಿದ್ದಳು.

ಅಂದಿನಿಂದ, ಸತ್ತವರ ಹೆಸರುಗಳನ್ನು ಚರ್ಚಿನಲ್ಲಿ ಓದುವ ಸತ್ತವರ ಶನಿವಾರಗಳಲ್ಲಿ ಅರ್ಗಿರೋ ಪಾದ್ರಿ ಲಾಂಬ್ರೋಸರಿಗೆ ಗೋಧಿಯ ಜೊತೆ ಹೆಸರಿನ ಚೀಟಿ ಕೊಡುತ್ತಿದ್ದಳು: ಅಪ್ಪ, ಅಮ್ಮ, ಕೆಳಗೆ ಒಂದು ಖಾಲಿ ಸಾಲು.

"ಖಾಲಿ ಜಾಗನ ಹೆಂಗೆ ಓದ್ಲಿ ತಾಯಿ? ಕೆಮ್ಲಾ?"

ಅವರು ನಿಜವಾಗಿಯೂ ಕೆಮ್ಮುತ್ತಿದ್ದರು.

ಅರ್ಗಿರೋ ಮದುವೆಯಾಗಲಿಲ್ಲ. ಊರಿನವರ ಬಟ್ಟೆ ಹೊಲಿದಳು. ಹಬ್ಬಕ್ಕೆ ಕರೆದರೆ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು ಬೇಗ ಎದ್ದು ಬರುತ್ತಿದ್ದಳು. ಅವಳಿಗೆ ಕಾಗದ ಬರೆಯುತ್ತಿದ್ದವನು ಒಬ್ಬನೇ. ಯುದ್ಧದಲ್ಲಿ ಕಳೆದುಹೋದ ವಿಮಾನಗಳ ಪಟ್ಟಿ ಇಟ್ಟಿದ್ದ, ಜರ್ಮನಿಯ ಕ್ರೂಗರ್ ಎಂಬ ನಿವೃತ್ತ ಮೇಷ್ಟ್ರು. ಹೋಟೆಲಿನಲ್ಲಿ ಕೆಲಸ ಮಾಡಿ ಜರ್ಮನ್ ಕಲಿತಿದ್ದ ಉರಾನಿಯಾ ಆ ಕಾಗದಗಳನ್ನು ಓದಿ ಹೇಳುತ್ತಿದ್ದಳು. ಅವಳು ಕಳಿಸಿದ ಫೋಟೊದಲ್ಲಿನ ವಿಮಾನದ ಮೂತಿಯ ಉಬ್ಬು, ಬಾಲದ ಪಟ್ಟಿ ನೋಡಿಯೇ ಅವನು ಅದು ಯಾವ ದಳದ ಮೆಸರ್‌ಸ್ಮಿಟ್ ಯುದ್ಧವಿಮಾನ ಎಂದು ಗುರುತಿಸಿದ್ದ. ಆ ತಿಂಗಳು ಆ ದಳದ ಮೂರು ವಿಮಾನಗಳು ಮರಳಿರಲಿಲ್ಲ. ಮೂರರ ಮೈಮೇಲೆ ಬರೆದ ನಂಬರೂ ಒಂದರಿಂದಲೇ ಶುರು. ಒಂದರ ಪಕ್ಕದ ಅಂಕೆಯನ್ನು ಆ ಹೆಂಗಸಿನ ಕೂಸು ಮುಚ್ಚಿದೆ, ಬೇರೆ ಫೋಟೊ ಇದ್ದರೆ ಕಳಿಸಿ ಎಂದು ಬರೆದಿದ್ದ.

ಅರ್ಗಿರೋ ಫೋಟೊವನ್ನು ಬೆಳಕಿಗೆ ಹಿಡಿದು, "ಅಮ್ಮ ನನ್ನ ಆ ಕಡೆ ಕಂಕುಳಿಗೆ ಎತ್ಕೊಂಡಿದ್ರೆ ಆಗ್ತಿತ್ತು," ಎಂದಿದ್ದಳು. ಆಮೇಲೆ ಮನೆಮನೆ ಅಲೆದಳು. ಯಾರ ಹತ್ತಿರವೂ ಇರಲಿಲ್ಲ.

*

ಸ್ತಮಾತಿಯಾ ಕರಿಯ ವಸ್ತ್ರದಲ್ಲಿ ಸುತ್ತಿದ ಫೋಟೊ ತಂದು ಉರಾನಿಯಾಳ ಮಡಿಲಿಗಿಟ್ಟಳು. ಅದೇ ಹೊಲ, ಅದೇ ವಿಮಾನ. ರೆಕ್ಕೆಯ ತುದಿಯಲ್ಲಿ ಕೂತು ನಗುತ್ತಿರುವವನು ಸ್ತಮಾತಿಯಾಳ ಅಣ್ಣ. ಅವನ ತೊಡೆಯ ಮೇಲೆ ಕೂಸು ಅರ್ಗಿರೋ, ಬಾಯಿ ತೆರೆದು ನೆಟ್ಟಗೆ ಇತ್ತಲೇ ನೋಡುತ್ತಿದ್ದಾಳೆ. ಹಿಂದೆ ವಿಮಾನದ ಮೈಮೇಲೆ ಅಂಕೆ ಒಂದು, ಅದರ ಪಕ್ಕದಲ್ಲಿ ಎರಡು.

"ಅತ್ತೆ ಕೇಳ್ದಾಗ ಇಲ್ಲ ಅಂದಿದ್ರಲ್ಲ ಅಜ್ಜಿ?"

"ಅಂದೆ. ಮೂರು ಸಲ ಅಂದೆ." ಅಜ್ಜಿ ಹೆಣದ ಕಡೆ ನೋಡಲಿಲ್ಲ. "ಇದಾದ ಮುಂದಿನ ವಸಂತದಲ್ಲಿ ಜರ್ಮನ್ನರು ನಮ್ಮಣ್ಣನ್ನ ಗೋಡೆಗೆ ನಿಲ್ಲಿಸಿ ಗುಂಡಿಕ್ಕಿದ್ರಲ್ಲ, ಆಗ ಅವರು ಹೆಸರು ಕೇಳ್ಲಿಲ್ಲ. ಇದು ಇವಳ ಗೋರಿಗೆ. ಆ ವಿಮಾನದವನಿಗಲ್ಲ."

ಉರಾನಿಯಾ ಫೋನು ಕೈಗೆತ್ತಿಕೊಂಡು, ಇದನ್ನು ಮೇಷ್ಟ್ರಿಗೆ ಕಳಿಸಲೇ ಎಂದು ಕೇಳಿದಳು. ಅಜ್ಜಿ ಗೋಧಿಯ ತಟ್ಟೆಯನ್ನು ಸರಿಮಾಡುತ್ತ, "ಮುಚ್ಚಿಟ್ಟು ಮುಚ್ಚಿಟ್ಟು ನಂಗೂ ಸಾಕಾಯ್ತು ಕಣೆ," ಎಂದಳು.

ಶವದ ಪೆಟ್ಟಿಗೆ ಚರ್ಚಿನ ಮೆಟ್ಟಿಲು ಹತ್ತುವಾಗ ಫೋನಿಗೆ ಮೇಷ್ಟ್ರ ಉತ್ತರ ಬಂತು. ಹನ್ನೆರಡನೆಯ ನಂಬರು, ಎಬರ್‌ಹಾರ್ಟ್, ಇಪ್ಪತ್ತು ವರ್ಷ. ಕೆಳಗೆ ಇನ್ನೊಂದು ಸಾಲು: ಅರ್ಗಿರೋ ಅವರಿಗೆ ಈಗಲೇ ಹೇಳಿ.

ಉರಾನಿಯಾ ಚೀಟಿಯಲ್ಲಿ ಅತ್ತೆಯ ಹೆಸರಿನ ಕೆಳಗೆ ಆ ಪೈಲಟ್‌ನ ಹೆಸರನ್ನೂ ಬರೆದುಕೊಟ್ಟಳು. ಪಾದ್ರಿ ಕನ್ನಡಕ ಏರಿಸಿ ನೋಡಿದರು.

"ಇವನು ನಮ್ಮ ಮತದವನಲ್ಲವಲ್ಲ ಮಗಳೇ."

ಅವರ ಕಣ್ಣು ಚೀಟಿಯಿಂದ ಸ್ತಮಾತಿಯಾಳ ಕಡೆ ಹೋಯಿತು. ಅವಳು ಬೇಡ ಎನ್ನಲಿಲ್ಲ.

ಪಾದ್ರಿ ಅರ್ಗಿರೋಳ ಹೆಸರು ಓದಿದರು. ಆಮೇಲೆ, ನಾಲಿಗೆ ಎರಡು ಕಡೆ ತೊಡರಿದರೂ, ಎಬರ್‌ಹಾರ್ಟ್ ಎಂದು ಪೂರ್ತಿ ಓದಿದರು. ಚರ್ಚಿನಲ್ಲಿದ್ದವರೆಲ್ಲ ಶಿಲುಬೆಯ ಗುರುತು ಹಾಕಿಕೊಂಡರು. ಸ್ತಮಾತಿಯಾಳ ಕೈ ಹಣೆ ಮುಟ್ಟಿ, ಎದೆಯ ತನಕ ಇಳಿದು, ಭುಜಗಳಿಗೆ ಹೋಗದೆ ಅಲ್ಲೇ ನಿಂತಿತು.